ಎಲ್ಲಿ ನಿಂತಿತು ಎಂದು ಮೊದಲು ನೋಡಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಅಲ್ಲಿಂದೀಚೆಗೆ ಮೂಡಿಗೆರೆ, ಕಳಸ, ಕೊಟ್ಟಿಗೆಹಾರದ ಕಡೆಯ ಎಸ್ಟೇಟ್ ಆಫೀಸುಗಳಲ್ಲೂ ಮನೆಗಳಲ್ಲೂ ಹತ್ತು ಹನ್ನೆರಡು ವರ್ಷ ದುಡಿದ ಲ್ಯಾಪ್‌ಟಾಪುಗಳನ್ನು ಬೀರುವಿನಿಂದ ಹೊರಗೆ ತೆಗೆದು ಹೊಸದಾಗಿ ಆಪರೇಟಿಂಗ್ ಸಿಸ್ಟಂ ಹಾಕುವುದು ನಡೆದಿದೆ. ಕೆಲವರು ವಿಂಡೋಸ್ 11 ಹಾಕುತ್ತಾರೆ, ಕೆಲವರು ಅದೇ ವಿಂಡೋಸ್ 10ನ್ನು ಮತ್ತೆ ಹಾಕಿ ಒಂದು ವರ್ಷದ ಹೆಚ್ಚುವರಿ ಸುರಕ್ಷತಾ ಅಪ್‌ಡೇಟಿಗೆ ಸೇರುತ್ತಾರೆ, ಇನ್ನು ಕೆಲವರು ಲಿನಕ್ಸ್ ಮಿಂಟ್ ಕಡೆ ಹೊರಳುತ್ತಾರೆ. ದಾರಿ ಯಾವುದೇ ಆದರೂ ದೂರು ಒಂದೇ: ಅರ್ಧಕ್ಕೆ ನಿಂತುಹೋಯಿತು. ಅದಕ್ಕೆ ಎಲ್ಲರೂ ಮಾಡುವ ಮದ್ದೂ ಒಂದೇ: ಪವರ್ ಬಟನ್ ಒತ್ತಿ ಹಿಡಿದು ಆರಿಸುವುದು, ಡಿಸ್ಕ್ ಫಾರ್ಮ್ಯಾಟ್ ಹೊಡೆಯುವುದು, ಮೊದಲಿಂದ ಶುರು ಮಾಡುವುದು. ನನ್ನ ತಕರಾರು ಇರುವುದು ಈ ಮದ್ದಿನ ಮೇಲೆ.

ಆಪರೇಟಿಂಗ್ ಸಿಸ್ಟಂ ಹಾಕುವುದೆಂದರೆ ಮೂರು ಕೆಲಸ. ಪೆನ್‌ಡ್ರೈವಿನಿಂದ ಒತ್ತಿ ಕಟ್ಟಿದ ಕಡತವನ್ನು ಓದಬೇಕು, ಅದನ್ನು ರ್‍ಯಾಮ್‌ನಲ್ಲಿ ಬಿಚ್ಚಬೇಕು, ಬಿಚ್ಚಿದ್ದನ್ನು ಡಿಸ್ಕಿಗೆ ಬರೆಯಬೇಕು. ಮಾಮೂಲಿ ಬಳಕೆಯಲ್ಲಿ ಈ ಮೂರೂ ಒಟ್ಟಿಗೆ, ಬಿಡುವಿಲ್ಲದೆ, ಗಿಗಾಬೈಟ್‌ಗಟ್ಟಲೆ ನಡೆಯುವ ಸಂದರ್ಭ ಅಪರೂಪ. ಲೆಕ್ಕ ಬರೆದು, ಮೇಲ್ ನೋಡಿ, ಫೋಟೋ ತೆರೆದು ಮುಚ್ಚುವ ಯಂತ್ರ ತನ್ನ ಡಿಸ್ಕಿನ ಬಹುಭಾಗವನ್ನು ತಿಂಗಳುಗಟ್ಟಲೆ ಮುಟ್ಟುವುದೇ ಇಲ್ಲ. ಇನ್‌ಸ್ಟಾಲರ್ ಮಾತ್ರ ಅರ್ಧ ಗಂಟೆಯಲ್ಲಿ ಪೆನ್‌ಡ್ರೈವ್, ರ್‍ಯಾಮ್, ಡಿಸ್ಕ್ ಮೂರರಿಂದಲೂ ಒಟ್ಟಿಗೆ ಕೆಲಸ ತೆಗೆಯುತ್ತದೆ. ಹಾಗಾಗಿ ಇನ್‌ಸ್ಟಾಲ್ ನಿಂತರೆ ಬಹುಪಾಲು ಸಂದರ್ಭಗಳಲ್ಲಿ ತಪ್ಪು ಇನ್‌ಸ್ಟಾಲರಿನದಲ್ಲ, ಯಂತ್ರದೊಳಗೆ ಮೊದಲೇ ಇದ್ದ ಒಂದು ದೋಷ ಅಲ್ಲಿ ಹೊರಬಿದ್ದಿರುತ್ತದೆ. ‘ನಿನ್ನೆವರೆಗೂ ಚೆನ್ನಾಗಿ ಓಡುತ್ತಿತ್ತಲ್ಲ, ಡಿಸ್ಕ್ ಕೆಟ್ಟಿರಲು ಹೇಗೆ ಸಾಧ್ಯ?’ ಎಂಬ ಪ್ರಶ್ನೆ ಸಹಜ. ನಿನ್ನೆವರೆಗೂ ಕೆಟ್ಟ ಜಾಗಕ್ಕೆ ಯಾರೂ ಹೋಗಿರಲಿಲ್ಲ, ಅಷ್ಟೇ. ಹೊಸ ವಿಂಡೋಸ್ ತನ್ನ ಕಡತಗಳನ್ನು ಹಳೆಯದು ಇಟ್ಟುಕೊಂಡಿದ್ದ ಜಾಗದಲ್ಲೇ ಇಡಬೇಕೆಂಬ ನಿಯಮವಿಲ್ಲ. ವರ್ಷಗಟ್ಟಲೆ ತೆರೆಯದ ಕೋಣೆಯೊಳಕ್ಕೆ ಅದು ಮೊದಲ ಸಲ ಕಾಲಿಟ್ಟಿರುತ್ತದೆ.

ಪರದೆಯ ಮೇಲಿನ ಶೇಕಡಾ ಸಂಖ್ಯೆಯನ್ನು ನಂಬಬೇಡಿ. ಅದು ಸಮಯದ ಅಳತೆಯಲ್ಲ, ಹಂತಗಳ ಎಣಿಕೆ. ಹಾರ್ಡ್‌ಡಿಸ್ಕ್ ಇರುವ, 4 ಜಿಬಿ ರ್‍ಯಾಮ್‌ನ ಲ್ಯಾಪ್‌ಟಾಪಿನಲ್ಲಿ ಒಂದೇ ಸಂಖ್ಯೆ ಅರ್ಧ ಗಂಟೆ ಕದಲದೇ ಇದ್ದರೂ ಒಳಗೆ ಕೆಲಸ ನಡೆಯುತ್ತಿರಬಹುದು. ನೋಡಬೇಕಾದ್ದು ಬೇರೆ. ಕ್ಯಾಪ್ಸ್ ಲಾಕ್ ಒತ್ತಿ. ಅದರ ದೀಪ ಹತ್ತಿ ಆರಿದರೆ ಯಂತ್ರಕ್ಕೆ ಜೀವವಿದೆ, ಯಾವುದೋ ಒಂದು ಕೆಲಸಕ್ಕಾಗಿ ಕಾಯುತ್ತಿದೆ. ಒತ್ತಿದರೂ ದೀಪ ಅಲುಗದಿದ್ದರೆ ಸಿಸ್ಟಂನ ತಿರುಳೇ ನಿಂತಿದೆ, ಆಗ ರ್‍ಯಾಮ್, ಗ್ರಾಫಿಕ್ಸ್, ಬಿಸಿ ಈ ಮೂರರ ಕಡೆ ಅನುಮಾನ ತಿರುಗಬೇಕು. ಇನ್ನು ಡಿಸ್ಕಿನ ದೀಪ. ಮಿಣಮಿಣ ಎನ್ನುತ್ತಿದ್ದರೆ ಕಾಯಿರಿ. ಒಂದೇ ಸಮನೆ ಉರಿಯುತ್ತ, ಒಳಗಿನಿಂದ ತಾಳ ಹಾಕಿದಂತೆ ಟಕ್ ಟಕ್ ಸದ್ದು ಬರುತ್ತಿದ್ದರೆ ಡಿಸ್ಕ್ ಒಂದೇ ಜಾಗವನ್ನು ಮತ್ತೆ ಮತ್ತೆ ಓದಲು ಹೆಣಗುತ್ತಿದೆ ಎಂದರ್ಥ. ‘ಹ್ಯಾಂಗ್ ಆಗಿದೆ’ ಎಂಬ ಒಂದೇ ಮಾತಿನಲ್ಲಿ ಈ ವ್ಯತ್ಯಾಸಗಳೆಲ್ಲ ಮುಚ್ಚಿಹೋಗುತ್ತವೆ. ಮೂಡಿಗೆರೆಯ ಸೀಮೆಯಲ್ಲೇ ನಡೆಯುವ ‘ಕರ್ವಾಲೋ’ ಕಾದಂಬರಿಯಲ್ಲಿ ವಿಜ್ಞಾನಿ ಕರ್ವಾಲೋ ಹಳ್ಳಿಯ ಮಂದಣ್ಣನನ್ನು ಅಷ್ಟು ಗೌರವದಿಂದ ಕಾಣುವುದು ಅವನ ಓದು ನೋಡಿ ಅಲ್ಲ, ಅವನ ಕಣ್ಣು ನೋಡಿ. ಕಾಡಿನ ಜೀವಿಯನ್ನು ಅದು ಇರುವ ಹಾಗೆ ಗಮನಿಸುವ ಗುಣ ಅವನಲ್ಲಿತ್ತು. ಹಾರುವ ಓತಿಯ ಹುಡುಕಾಟಕ್ಕೆ ಬೇಕಾಗಿದ್ದದ್ದು ಆ ಗುಣ. ನಿಂತ ಲ್ಯಾಪ್‌ಟಾಪಿನ ಮುಂದೆ ಕೂತವರಿಗೂ ಪದವಿಗಿಂತ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಡಿಸ್ಕಿನ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಯಾಕೆಂದರೆ ತಿರುಗುವ ಹಾರ್ಡ್‌ಡಿಸ್ಕ್ ಇರುವ ಹಳೆ ಯಂತ್ರಗಳಲ್ಲಿ ಮೊದಲ ಅನುಮಾನ ಅದರ ಮೇಲೇ ಬೀಳಬೇಕು. ಮನೆಬಳಕೆಯ ಡಿಸ್ಕಿಗೆ ಒಂದು ಸೆಕ್ಟರ್ ಓದಲಾಗದಿದ್ದರೆ ಅದು ತಕ್ಷಣ ಕೈಚೆಲ್ಲುವುದಿಲ್ಲ, ಹಲವಾರು ಸೆಕೆಂಡುಗಳ ಕಾಲ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಅಂಥ ನೂರು ಸೆಕ್ಟರ್ ಒಂದೇ ಕಡೆ ಇದ್ದರೆ ಇನ್‌ಸ್ಟಾಲರ್ ಸತ್ತಂತೆ ಕಾಣುತ್ತದೆ. ಆದರೆ ಡಿಸ್ಕ್ ತನ್ನ ಕಾಯಿಲೆಯ ಲೆಕ್ಕವನ್ನು ತಾನೇ ಬರೆದಿಟ್ಟಿರುತ್ತದೆ, ಅದಕ್ಕೆ ಸ್ಮಾರ್ಟ್ ದಾಖಲೆ ಎನ್ನುತ್ತಾರೆ. ಲಿನಕ್ಸ್ ಮಿಂಟ್‌ನ ಪೆನ್‌ಡ್ರೈವಿನಿಂದ, ಡಿಸ್ಕಿಗೆ ಒಂದಕ್ಷರವನ್ನೂ ಬರೆಯದೆ, ಯಂತ್ರವನ್ನು ಬೂಟ್ ಮಾಡಿ ‘ಡಿಸ್ಕ್ಸ್’ ಎಂಬ ಪ್ರೋಗ್ರಾಂ ತೆರೆದರೆ ಅದು ಸಿಗುತ್ತದೆ. ಅಲ್ಲಿ 5, 197, 198, 199 ಈ ನಾಲ್ಕು ಸಾಲು ನೋಡಿದರೆ ಸಾಕು. 5 ಎಂದರೆ ಕೆಟ್ಟು ಬದಲಿ ಜಾಗಕ್ಕೆ ಸಾಗಿಸಿದ ಸೆಕ್ಟರುಗಳು. 197 ಎಂದರೆ ಓದಲಾಗದೆ ತೀರ್ಮಾನಕ್ಕೆ ಕಾದಿರುವವು. 198 ಎಂದರೆ ಸರಿಪಡಿಸಲಾಗದವು. 199ರ ಕಥೆ ಬೇರೆ: ಅದು ಡಿಸ್ಕಿಗೂ ಬೋರ್ಡಿಗೂ ನಡುವಿನ ಸಂಪರ್ಕದಲ್ಲಿ ಆದ ತಪ್ಪುಗಳ ಎಣಿಕೆ. ನಮ್ಮ ಮಳೆಗಾಲದ ತೇವಕ್ಕೆ ಕನೆಕ್ಟರಿನ ಹಲ್ಲುಗಳು ಕಿಲುಬು ಹಿಡಿದಾಗ ಏರುವುದು ಈ 199. ಹಾಗೆ ಅದೊಂದೇ ಏರಿದ್ದರೆ ಡಿಸ್ಕ್ ಎಸೆಯಬೇಡಿ, ಬಿಚ್ಚಿ, ಒರೆಸಿ, ಗಟ್ಟಿಯಾಗಿ ಕೂರಿಸಿ ನೋಡಿ. 197ರಲ್ಲಿ ಸೊನ್ನೆಯ ಬದಲು ಬೇರೆ ಸಂಖ್ಯೆ ಇದ್ದು ಅದು ದಿನದಿನಕ್ಕೆ ಬೆಳೆಯುತ್ತಿದ್ದರೆ ಆ ಡಿಸ್ಕಿನ ಮೇಲೆ ಹೊಸ ಸಿಸ್ಟಂ ಹಾಕುವುದು ದಂಡ.

ಹೊರಗಿನ ಲಕ್ಷಣ ಬಿಟ್ಟು ಒಳಗಿನ ಕಾರಣ ಹುಡುಕುವುದನ್ನು ಕಾಫಿ ಬೆಳೆಗಾರರಿಗೆ ಬಿಡಿಸಿ ಹೇಳಬೇಕಿಲ್ಲ. ಅರೇಬಿಕಾ ಗಿಡದ ಎಲೆ ಹಳದಿಗೆ ತಿರುಗಿ ಬಾಡತೊಡಗಿದರೆ ಗೊಬ್ಬರ ಸುರಿಯುವವರು ಹೊಸಬರು. ತಿಳಿದವರು ಬಾಗಿ ಕಾಂಡ ನೋಡುತ್ತಾರೆ, ತೊಗಟೆಯ ಮೇಲೆ ಏಣು ಎದ್ದಿದ್ದರೆ ಒಳಗೆ ಬೋರರ್ ಹುಳು ಸುರಂಗ ಕೊರೆದಿದೆ ಎಂದು ಗೊತ್ತು ಮಾಡಿಕೊಳ್ಳುತ್ತಾರೆ. 1925ರಲ್ಲಿ ಬಾಳೆಹೊನ್ನೂರಿನ ಬಳಿ ಶುರುವಾದ ಕಾಫಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಹೇಳಿಕೊಟ್ಟ ಕ್ರಮವೂ ಅದೇ: ದುಂಬಿ ಹೊರಗೆ ಹಾರುವ ಕಾಲಕ್ಕೆ ಮುಂಚೆ ತೋಟ ಸುತ್ತಿ, ಹುಳು ಹೊಕ್ಕ ಗಿಡ ಪತ್ತೆಮಾಡಿ, ಕಿತ್ತು ಸುಡುವುದು. ಫಾರ್ಮ್ಯಾಟ್ ಹೊಡೆಯುವುದು ಹಳದಿ ಎಲೆಗೆ ಗೊಬ್ಬರ ಹಾಕಿದ ಹಾಗೆ.

‘ಆದರೆ ಫಾರ್ಮ್ಯಾಟ್ ಹೊಡೆದ ಮೇಲೆ ಸರಿಹೋದದ್ದೂ ಉಂಟಲ್ಲ’ ಎನ್ನುವವರಿದ್ದಾರೆ. ಉಂಟು, ಅದರ ಕಾರಣವನ್ನೂ ತಿಳಿದಿರಬೇಕು. ವಿಂಡೋಸ್ ಇನ್‌ಸ್ಟಾಲರಿನೊಳಗೆ ಒತ್ತುವ ‘ಫಾರ್ಮ್ಯಾಟ್’ ಕ್ಷಣದಲ್ಲಿ ಮುಗಿಯುವ ಕ್ವಿಕ್ ಫಾರ್ಮ್ಯಾಟ್. ಅದು ಡಿಸ್ಕಿನ ವಿಳಾಸಪಟ್ಟಿಯನ್ನು ಹೊಸದಾಗಿ ಬರೆಯುತ್ತದೆಯೇ ಹೊರತು ಒಂದೊಂದು ಸೆಕ್ಟರನ್ನೂ ಪರೀಕ್ಷಿಸುವುದಿಲ್ಲ. ಫುಲ್ ಫಾರ್ಮ್ಯಾಟ್ ಹಾಗಲ್ಲ. ವಿಸ್ಟಾದಿಂದೀಚೆಗೆ ಅದು ಇಡೀ ಪಾರ್ಟಿಷನ್ನಿಗೆ ಸೊನ್ನೆ ಬರೆಯುತ್ತದೆ. ಓದಲಾಗದೆ ಕಾದಿದ್ದ ಸೆಕ್ಟರಿಗೆ ಹೊಸದಾಗಿ ಬರೆಯಲು ಹೋದಾಗ, ಆ ಜಾಗ ನಿಜಕ್ಕೂ ಕೆಟ್ಟಿದ್ದರೆ, ಡಿಸ್ಕ್ ಅದನ್ನು ಬದಲಿ ಜಾಗಕ್ಕೆ ಹಾಕುತ್ತದೆ, 197 ಇಳಿಯುತ್ತದೆ, 5 ಏರುತ್ತದೆ. ಇನ್‌ಸ್ಟಾಲ್ ಮುಗಿಯುತ್ತದೆ. ಕೆಟ್ಟದ್ದು ಬೆರಳೆಣಿಕೆಯಷ್ಟಿದ್ದು ಅಲ್ಲಿಗೇ ನಿಂತರೆ ಆ ಡಿಸ್ಕ್ ಇನ್ನೂ ಕೆಲವು ವರ್ಷ ಬಾಳಬಹುದು. ಆದರೆ 5ರ ಸಂಖ್ಯೆಯನ್ನು ತಿಂಗಳಿಗೊಮ್ಮೆ ನೋಡದೆ ‘ಸರಿಹೋಯಿತು’ ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ.

ನಿಂತಾಗ ಪರದೆಯ ಮೇಲೆ ಸಂಖ್ಯೆಯೊಂದು ಬಂದರೆ ನಿಮ್ಮ ಅದೃಷ್ಟ. 8007ರಿಂದ ಶುರುವಾಗುವ ಎಂಟಂಕಿಯ ಆ ಕೋಡ್ ನೋಡಿ ಗಾಬರಿಯಾಗಬೇಕಾದ್ದಿಲ್ಲ. ಮೊದಲ ನಾಲ್ಕನ್ನು ಬಿಟ್ಟುಬಿಡಿ, ಕೊನೆಯ ನಾಲ್ಕನ್ನು ಹದಿನಾರರ ಪದ್ಧತಿಯಿಂದ ಹತ್ತರ ಪದ್ಧತಿಗೆ ತಿರುಗಿಸಿ. ಅದು ವಿಂಡೋಸಿನ ಮಾಮೂಲಿ ತಪ್ಪುಗಳ ಪಟ್ಟಿಯ ಕ್ರಮಸಂಖ್ಯೆ. 8007045ಡಿ ಬಂದರೆ ಕೊನೆಯ ನಾಲ್ಕು 1117 ಆಗುತ್ತದೆ, ಡಿಸ್ಕ್ ಅಥವಾ ಪೆನ್‌ಡ್ರೈವ್ ಓದುವಾಗಲೋ ಬರೆಯುವಾಗಲೋ ಸಾಧನವೇ ಕೈಕೊಟ್ಟಿತು ಎಂದು ಅರ್ಥ. 80070570 ಎಂದರೆ 1392, ಕಡತ ಕೆಟ್ಟಿದೆ, ಓದಲಾಗುತ್ತಿಲ್ಲ. 80070017 ಎಂದರೆ 23, ಓದಿದ ದತ್ತಾಂಶ ತಾಳೆಯಾಗುತ್ತಿಲ್ಲ. 80070070 ಎಂದರೆ 112, ಡಿಸ್ಕಿನಲ್ಲಿ ಜಾಗವಿಲ್ಲ. ಸಂಖ್ಯೆ ಬರದೆ ಸುಮ್ಮನೆ ನಿಂತಿದ್ದರೆ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿ. ಕಪ್ಪು ಕಿಟಕಿಯೊಂದು ತೆರೆಯುತ್ತದೆ, ‘ಪ್ಯಾಂಥರ್’ ಎಂಬ ಫೋಲ್ಡರಿನಲ್ಲಿ ಇನ್‌ಸ್ಟಾಲರ್ ತನ್ನ ದಿನಚರಿ ಬರೆದಿಟ್ಟಿರುತ್ತದೆ. ಕೊನೆಯ ಇಪ್ಪತ್ತು ಸಾಲು ಓದಿದರೆ ಎಲ್ಲಿ ಮುಗ್ಗರಿಸಿತು ಎಂಬುದು ಕಾಣುತ್ತದೆ. ಲಿನಕ್ಸಿನಲ್ಲಾದರೆ ಕಂಟ್ರೋಲ್, ಆಲ್ಟ್, ಎಫ್2 ಒತ್ತಿ ಇನ್ನೊಂದು ಪರದೆಗೆ ಹೋಗಿ ತಿರುಳಿನ ದಿನಚರಿ ನೋಡಬಹುದು. ಡಿಸ್ಕ್ ಕೆಟ್ಟಿದ್ದರೆ ಯಾವ ಸೆಕ್ಟರ್ ಎಂಬುದನ್ನೂ ಅದು ಸಂಖ್ಯೆ ಸಮೇತ ಬರೆದಿರುತ್ತದೆ.

ಡಿಸ್ಕ್ ನಿರ್ದೋಷಿ ಎಂದು ಗೊತ್ತಾದರೆ ಪೆನ್‌ಡ್ರೈವ್ ಮತ್ತು ರ್‍ಯಾಮ್ ಕಡೆ ಬನ್ನಿ. ಸಂತೆಯಲ್ಲೂ ಆನ್‌ಲೈನಿನಲ್ಲೂ ಅಗ್ಗಕ್ಕೆ ಸಿಗುವ ಪೆನ್‌ಡ್ರೈವುಗಳಲ್ಲಿ ಸುಳ್ಳು ಅಳತೆಯವು ಇವೆ. 64 ಜಿಬಿ ಎಂದು ತೋರಿಸಿದರೂ ಒಳಗಿರುವುದು 8 ಜಿಬಿ, ಅದಕ್ಕೆ ಮೀರಿ ಬರೆದದ್ದು ಸದ್ದಿಲ್ಲದೆ ಕಳೆದುಹೋಗುತ್ತದೆ. ಇಳಿಸಿಕೊಂಡ ಐಎಸ್‌ಒ ಕಡತ ಸರಿಯಿದೆಯೇ ಎಂದು ಅದರ ಷಾ-256 ಮೊತ್ತವನ್ನು ತಾಳೆ ನೋಡುವುದಕ್ಕೆ ಎರಡು ನಿಮಿಷ ಸಾಕು. ಫ್ಯಾಟ್32ರಲ್ಲಿ ಸಿದ್ಧಪಡಿಸಿದ ಪೆನ್‌ಡ್ರೈವಿಗೆ 4 ಜಿಬಿಗಿಂತ ದೊಡ್ಡ ಒಂದು ಕಡತ ಹಿಡಿಸುವುದಿಲ್ಲ, ಈಗಿನ ವಿಂಡೋಸಿನ ಮುಖ್ಯ ಕಡತ ಆ ಮಿತಿ ದಾಟಿರುತ್ತದೆ. ಕೈಯಿಂದ ಕಾಪಿ ಮಾಡಿ ಪೆನ್‌ಡ್ರೈವ್ ಮಾಡುವವರು ಮುಗ್ಗರಿಸುವುದು ಇಲ್ಲಿ. ರ್‍ಯಾಮ್‌ಗೆ ಮೆಮ್‌ಟೆಸ್ಟ್86+ ಎಂಬ ಪರೀಕ್ಷಾ ಪ್ರೋಗ್ರಾಂ ಇದೆ, ರಾತ್ರಿಯಿಡೀ ಓಡಲು ಬಿಡಿ. ಒಂದೇ ಒಂದು ಕೆಂಪು ಸಾಲು ಬಂದರೂ ಆ ರ್‍ಯಾಮ್ ಪಟ್ಟಿಯನ್ನು ನಂಬಬಾರದು. ಪಟ್ಟಿಯ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುವ ಹಳೆ ಉಪಾಯವನ್ನು ಕೆಲವರು ಹೀಗಳೆಯುತ್ತಾರೆ. ಮಲೆನಾಡಿನ ತೇವದಲ್ಲಿ ಅದು ಕೆಲಸ ಮಾಡುತ್ತದೆ, ಕಿಲುಬೇ ಕಾರಣವಾಗಿದ್ದಾಗ ಮಾತ್ರ.

ಪರದೆಯ ಮೇಲಿನ ಮಾತು ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ವಿಂಡೋಸ್ 7ಕ್ಕಿಂತ ಒಳ್ಳೆ ನಿದರ್ಶನವಿಲ್ಲ. ಹಳೆ ಪ್ರಿಂಟರಿಗಾಗಿ, ಹಳೆ ಡಿಟಿಪಿ ಪ್ರೋಗ್ರಾಮಿಗಾಗಿ ಅದನ್ನೇ ಹಾಕಿಸುವವರು ಈಗಲೂ ಇದ್ದಾರೆ. ಪೆನ್‌ಡ್ರೈವಿನಿಂದ ಶುರುಮಾಡಿದರೆ ಅದು ಸ್ವಲ್ಪ ದೂರ ಬಂದು, ಸಿಡಿ ಡ್ರೈವಿನ ಡ್ರೈವರ್ ಇಲ್ಲ, ಒದಗಿಸಿ ಎಂದು ಕೇಳುತ್ತದೆ. ಸಿಡಿ ಡ್ರೈವೇ ಇಲ್ಲದ ಲ್ಯಾಪ್‌ಟಾಪಿನಲ್ಲೂ ಅದೇ ಪ್ರಶ್ನೆ. ನಿಜವಾದ ಕಾರಣ, ಪೆನ್‌ಡ್ರೈವ್ ಚುಚ್ಚಿರುವುದು ಯುಎಸ್‌ಬಿ 3.0 ಪೋರ್ಟಿಗೆ, ವಿಂಡೋಸ್ 7ರ ಇನ್‌ಸ್ಟಾಲರಿಗೆ ಆ ಪೋರ್ಟ್ ಮಾತಾಡಿಸಲು ಬರುವುದಿಲ್ಲ. ತಾನು ಹೊರಟುಬಂದ ಪೆನ್‌ಡ್ರೈವನ್ನೇ ಅದು ಕಳೆದುಕೊಂಡಿರುತ್ತದೆ. ನೀಲಿ ನಾಲಗೆಯ ಪೋರ್ಟ್ ಬಿಟ್ಟು ಕಪ್ಪು ನಾಲಗೆಯದಕ್ಕೆ ಚುಚ್ಚಿದರೆ ಹೆಚ್ಚಿನ ಹಳೆ ಯಂತ್ರಗಳಲ್ಲಿ ಮುಂದೆ ಸಾಗುತ್ತದೆ. ಇಂಟೆಲ್‌ನ 2015ರ ಆರನೇ ತಲೆಮಾರಿನಿಂದ ಈ ದಾರಿಯೂ ಮುಚ್ಚಿತು, ಅಲ್ಲಿ ಡ್ರೈವರನ್ನು ಪೆನ್‌ಡ್ರೈವಿನೊಳಕ್ಕೆ ಮೊದಲೇ ಸೇರಿಸಿಕೊಂಡು ಹೋಗಬೇಕು. ಇದನ್ನು ತಿಳಿಯದೆ ಹತ್ತು ಸಲ ಮೊದಲಿಂದ ಶುರು ಮಾಡಿದರೂ ಹತ್ತನೆಯ ಸಲವೂ ನಿಲ್ಲುವುದು ಅದೇ ಪರದೆಯಲ್ಲಿ.

ಇನ್ನು ನಮ್ಮ ಗುಡ್ಡಗಳಿಗೇ ಸೇರಿದ ಕಾರಣಗಳು. ಎಲ್ಲದಕ್ಕೂ ವೋಲ್ಟೇಜನ್ನು ಬೈಯುವ ರೂಢಿಯಿದೆ, ಅದು ತಪ್ಪು. ಲ್ಯಾಪ್‌ಟಾಪ್ ಅಡಾಪ್ಟರಿನ ಬೆನ್ನ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ, ಬಲ್ಬು ಮಂಕಾಗಿ ಉರಿಯುವ ಸಂಜೆಯಲ್ಲೂ ಅದು ತನ್ನ ಕೆಲಸ ಮಾಡುತ್ತದೆ. ಕೆಡಿಸುವುದು ಕರೆಂಟ್ ಹೋಗುವುದು. ಜೂನ್‌ನಿಂದ ಆಗಸ್ಟ್‌ವರೆಗೆ ಲೈನ್ ಮೇಲೆ ಮರ ಬೀಳದ ವಾರವೇ ಕಡಿಮೆ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಆ ಕ್ಷಣಕ್ಕೆ ಡೆಸ್ಕ್‌ಟಾಪಿನಷ್ಟೇ ಅಸಹಾಯಕ. ಯುಪಿಎಸ್ ಇಲ್ಲದೆ ಅಂಥ ಯಂತ್ರದಲ್ಲಿ ಇನ್‌ಸ್ಟಾಲ್ ಶುರು ಮಾಡಬಾರದು. ಎರಡನೆಯದು ಬೋರ್ಡಿನ ಮೇಲಿನ ಸಣ್ಣ ಗುಂಡಿ ಸೆಲ್, ಸಿಆರ್2032. ಅದು ಸತ್ತರೆ ಯಂತ್ರದ ದಿನಾಂಕ ಹತ್ತಾರು ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಇಂಟರ್ನೆಟ್ಟಿನ ಸುರಕ್ಷತಾ ಪ್ರಮಾಣಪತ್ರಗಳೆಲ್ಲ ‘ಇನ್ನೂ ಜಾರಿಗೆ ಬಂದಿಲ್ಲ’ ಎಂದು ಕಾಣುತ್ತವೆ, ಡೆಬಿಯನ್‌ನಂಥವು ಪ್ಯಾಕೇಜ್ ಇಳಿಸಲು ನಿರಾಕರಿಸುತ್ತವೆ. ದಿನಾಂಕ ತಿದ್ದಿದರೆ ಮುಗಿಯುವ ಸಮಸ್ಯೆಗೆ ಇಡೀ ಡಿಸ್ಕ್ ಅಳಿಸಿದವರಿದ್ದಾರೆ. ಮೂರನೆಯದು ನೆಟ್‌ವರ್ಕ್. ವಿಂಡೋಸ್ 11 ಕೊನೆಯ ಹಂತದಲ್ಲಿ ಇಂಟರ್ನೆಟ್ ಸಿಗುವವರೆಗೆ ಮುಂದಕ್ಕೆ ಬಿಡುವುದಿಲ್ಲ, ಹಳೆ ವೈಫೈ ಚಿಪ್ಪಿನ ಡ್ರೈವರ್ ಅದರಲ್ಲಿ ಇಲ್ಲದಿದ್ದರೆ ನೆಟ್‌ವರ್ಕಿನ ಪಟ್ಟಿಯೇ ಖಾಲಿ. ಇದನ್ನೂ ‘ಸ್ಟಕ್ ಆಯಿತು’ ಎನ್ನುತ್ತಾರೆ. ಮೊಬೈಲನ್ನು ಕೇಬಲ್ಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಕೊಟ್ಟರೆ ಸಾಮಾನ್ಯವಾಗಿ ಅಲ್ಲೇ ಬಿಡುಗಡೆ. ಕಳಸದ ಕಣಿವೆಯೊಳಗಿನ ಮನೆಗಳಲ್ಲಿ ಸಿಗ್ನಲ್ಲಿಗಾಗಿ ಲ್ಯಾಪ್‌ಟಾಪನ್ನೇ ಹೊತ್ತು ದಿಣ್ಣೆ ಹತ್ತಬೇಕಾಗಬಹುದು, ಬ್ಯಾಟರಿ ಸತ್ತಿದ್ದರೆ ಅದೂ ಆಗದು. ಇದಕ್ಕೆ ಯಂತ್ರವನ್ನು ದೂರಿ ಪ್ರಯೋಜನವಿಲ್ಲ. ಇಂಟರ್ನೆಟ್ ಇಲ್ಲದೆಯೂ ಒಂದು ಯಂತ್ರ ಪೂರ್ತಿಯಾಗಿ ಅಣಿಯಾಗಬೇಕು ಎಂಬುದು ಗುಡ್ಡಗಾಡಿನವರ ನ್ಯಾಯವಾದ ಬೇಡಿಕೆ, ಲಿನಕ್ಸ್ ಮಿಂಟ್ ಅದನ್ನು ಈಗಲೂ ಪಾಲಿಸುತ್ತದೆ.

ಫಾರ್ಮ್ಯಾಟ್ ಪಂಥದವರಿಗೆ ಎದುರಾಗಿ ಇನ್ನೊಂದು ಪಂಥವಿದೆ: ಹಳೆಯದನ್ನು ಎಸೆದು ಹೊಸದು ಕೊಳ್ಳಿ ಎನ್ನುವವರದು. ಅವರ ಮಾತಿನಲ್ಲಿ ಒಂದು ಕಡೆ ಸತ್ಯವಿದೆ, ಒಪ್ಪಿಕೊಳ್ಳೋಣ. ವಿಂಡೋಸ್ 11ರ 24ಎಚ್2 ಆವೃತ್ತಿಗೆ ಎಸ್‌ಎಸ್‌ಇ 4.2 ಮತ್ತು ಪಾಪ್‌ಕೌಂಟ್ ಎಂಬ ಆದೇಶಗಳು ಗೊತ್ತಿರುವ ಪ್ರೊಸೆಸರೇ ಬೇಕು. ಕೋರ್ 2 ಡ್ಯೂಯೋ ಕಾಲದ ಚಿಪ್ಪಿಗೆ ಅವು ಗೊತ್ತಿಲ್ಲ. ರೂಫಸ್ ಎಂಬ ಪ್ರೋಗ್ರಾಮಿನಿಂದ ವಿಂಡೋಸ್ 11 ಕೇಳುವ ಟಿಪಿಎಂ ಎಂಬ ಸುರಕ್ಷತಾ ಅಂಗದ ಪರೀಕ್ಷೆ ತಪ್ಪಿಸಬಹುದು, ಚಿಪ್ಪಿಗೆ ಇಲ್ಲದ ಆದೇಶವನ್ನು ಕಲಿಸಲಾಗದು. ಅಲ್ಲಿ ನಿಂತದ್ದು ನಿಂತೇ ಇರುತ್ತದೆ. ಹಾಗೆಂದು ಆ ಯಂತ್ರ ಸತ್ತಿಲ್ಲ. ಅದು 64 ಬಿಟ್‌ನದಾಗಿದ್ದರೆ ಡೆಬಿಯನ್, ಮಿಂಟ್ ಎರಡೂ ಅದರಲ್ಲಿ ಓಡುತ್ತವೆ. ನಿಜವಾಗಿ ದಾರಿ ಮುಚ್ಚುತ್ತಿರುವುದು 32 ಬಿಟ್ ಯಂತ್ರಗಳಿಗೆ, 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಅವುಗಳ ಇನ್‌ಸ್ಟಾಲರನ್ನು ಕೈಬಿಟ್ಟಿದೆ. ನಿಂತದ್ದು ಎಲ್ಲಿ ಎಂದು ನೋಡಿದವರಿಗೆ ಮಾತ್ರ ಯಾವ ಯಂತ್ರ ಎಸೆಯಬೇಕು, ಯಾವುದಕ್ಕೆ ಬರೀ ಡಿಸ್ಕ್ ಬದಲಿಸಬೇಕು ಎಂದು ಗೊತ್ತಾಗುತ್ತದೆ. ಎರಡೂ ಪಂಥದವರು ನೋಡುವ ಮುಂಚೆಯೇ ತೀರ್ಪು ಕೊಡುತ್ತಾರೆ.

ಆದರೆ ಮತ್ತೆ ಮತ್ತೆ ಫಾರ್ಮ್ಯಾಟ್ ಹೊಡೆಯುವುದನ್ನು ನಾನು ಇಷ್ಟು ಬಲವಾಗಿ ವಿರೋಧಿಸುವುದಕ್ಕೆ ಯಂತ್ರಕ್ಕಿಂತ ದೊಡ್ಡ ಕಾರಣವೊಂದಿದೆ, ಅದು ಕನ್ನಡದ ಕಡತಗಳು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು, 2001ರ ವಿಂಡೋಸ್ ಎಕ್ಸ್‌ಪಿ ಜೊತೆಗೆ ತುಂಗಾ ಫಾಂಟೂ ಬಂತು. ಹಾಗಿದ್ದೂ ಅದಾದ ಮೇಲೆ ವರ್ಷಾನುಗಟ್ಟಲೆ ನಾವು ಬರೆದದ್ದು ನುಡಿ, ಬರಹ, ಶ್ರೀಲಿಪಿ, ಆಕೃತಿಗಳ ಆಸ್ಕಿ ಫಾಂಟುಗಳಲ್ಲಿ. ಅವುಗಳಲ್ಲಿ ಕಡತದೊಳಗೆ ಇರುವುದು ಕನ್ನಡವಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ಫಾಂಟ್ ಇರುವುದು ವಿಂಡೋಸಿನ ಫಾಂಟ್ಸ್ ಫೋಲ್ಡರಿನಲ್ಲಿ, ಫಾರ್ಮ್ಯಾಟ್ ಹೊಡೆದಾಗ ಹೋಗುವುದು ಅದೇ. ಡಿ ಡ್ರೈವಿನಲ್ಲಿದ್ದ ಕಡತ ಉಳಿದರೂ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಫಾಂಟಿನ ಆವೃತ್ತಿ ಬದಲಾದರೂ ಒತ್ತಕ್ಷರ ಕೆಡಬಹುದು. ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಆದರೆ ಅರ್ಕಾವತ್ತನ್ನು ಒಮ್ಮೆ ಕಣ್ಣಾರೆ ನೋಡಲೇಬೇಕು: ಆಸ್ಕಿ ಫಾಂಟಿನಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮುಂಚೆ ಬರಬೇಕು. ಇಲ್ಲಿ ‘ಕರ್ವಾಲೋ’ ಬರೆದ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರನ್ನು ನೆನೆಯದೆ ಮುಂದೆ ಹೋಗಲಾಗದು. 2007ರ ಏಪ್ರಿಲ್ 5ರಂದು ತೀರಿಕೊಳ್ಳುವ ಮುಂಚಿನ ವರ್ಷಗಳಲ್ಲಿ ಅವರು ಕನ್ನಡ ತಂತ್ರಾಂಶದ ವಿಚಾರವಾಗಿ ಗಟ್ಟಿಯಾಗಿ ದನಿ ಎತ್ತಿದ್ದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಬಂದ ಕುವೆಂಪು ತಂತ್ರಾಂಶದ ಹಿಂದೆ ಅವರ ಒತ್ತಾಸೆಯಿತ್ತು. ಕಂಪ್ಯೂಟರಿನಲ್ಲಿ ಉಳಿಯದ ಭಾಷೆಗೆ ಮುಂದೆ ಜಾಗವಿಲ್ಲ ಎಂಬ ಕಾಳಜಿ ಅದರ ಹಿಂದಿತ್ತು. ಒಂದು ಅವಸರದ ಫಾರ್ಮ್ಯಾಟಿನಲ್ಲಿ ಹೋಗುವುದು ಈ ಗುಡ್ಡಗಳ ಪಂಚಾಯಿತಿ ನಡವಳಿ, ಸಹಕಾರ ಸಂಘದ ವರದಿ, ಶಾಲೆಯ ಸ್ಮರಣ ಸಂಚಿಕೆ, ತೋಟದ ಹಳೆ ಲೆಕ್ಕ. ಲೆಕ್ಕದ ವಿಷಯಕ್ಕೆ ಇನ್ನೊಂದು ಎಚ್ಚರ: ಟ್ಯಾಲಿಯ ಕಡತಗಳು ಬಹುತೇಕ ‘ಮೈ ಡಾಕ್ಯುಮೆಂಟ್ಸ್’ನಲ್ಲಿ ಇರುವುದಿಲ್ಲ, ಟ್ಯಾಲಿಯದೇ ಡೇಟಾ ಫೋಲ್ಡರಿನಲ್ಲಿರುತ್ತವೆ. ಡಾಕ್ಯುಮೆಂಟ್ಸ್ ಮಾತ್ರ ಕಾಪಿ ಮಾಡಿ ಸಮಾಧಾನಪಟ್ಟುಕೊಂಡರೆ ವರ್ಷಗಳ ಮಸ್ಟರ್ ರೋಲು, ಕಾಫಿ ಮಾರಾಟದ ಲೆಕ್ಕ ಹೋದಂತೆ.

ಇಷ್ಟೆಲ್ಲ ನೋಡಲು ಯಾರಿಗೆ ಪುರಸೊತ್ತಿದೆ, ಅಂಗಡಿಯವರಿಗೆ ಕೊಟ್ಟರೆ ಸಂಜೆಗೆ ಆಗುತ್ತದಲ್ಲ ಎನ್ನುವವರಿಗೆ: ಕೊಡಿ, ತಪ್ಪೇನಿಲ್ಲ. ಪೇಟೆಯ ರಿಪೇರಿ ಅಂಗಡಿಗಳಲ್ಲಿ ಒಳ್ಳೆಯ ಕೈಗಳಿವೆ. ಆದರೆ ‘ಹ್ಯಾಂಗ್ ಆಗಿದೆ, ಫಾರ್ಮ್ಯಾಟ್ ಮಾಡಿ’ ಎಂದು ಹೇಳಿ ಕೊಟ್ಟರೆ ಅವರು ಅಷ್ಟನ್ನೇ ಮಾಡುತ್ತಾರೆ, ಮಾಡಬೇಕಾದ್ದೂ ಅಷ್ಟೇ. ನಿಂತ ಪರದೆಯ ಒಂದು ಫೋಟೋ ತೆಗೆದು ತೋರಿಸಿ, ಡಿಸ್ಕಿನ ದೀಪ ಹೇಗಿತ್ತು ಹೇಳಿ, ಸ್ಮಾರ್ಟ್ ದಾಖಲೆ ನೋಡಿ ಎಂದು ಕೇಳಿ. ಹಳೆ ಡಿಸ್ಕನ್ನು ಅಳಿಸದೆ ಬಿಚ್ಚಿ ಕವರಿಗೆ ಹಾಕಿ ವಾಪಸು ಕೊಡಿ, ಹೊಸದರ ಮೇಲೆ ಸಿಸ್ಟಂ ಹಾಕಿ ಎಂದು ಹೇಳಿ. ನಿಮ್ಮ ಬಳಿ ನುಡಿ ಅಥವಾ ಬರಹದಲ್ಲಿ ಬರೆದ ಕಡತಗಳಿದ್ದರೆ ಮುಂದಿನ ಮಳೆಗಾಲಕ್ಕೆ ಮುಂಚೆ ಅವನ್ನೂ, ಆ ಫಾಂಟುಗಳನ್ನೂ ಒಂದೇ ಪೆನ್‌ಡ್ರೈವಿಗೆ ಕಾಪಿ ಮಾಡಿ, ಇನ್ನೊಂದು ಪ್ರತಿಯನ್ನು ಬೇರೆ ಮನೆಯಲ್ಲಿ ಇಡಿ.